ಜಿಎಸ್‌ಟಿ ನಂಬರ್ ಮಾಡಿಸಬೇಕೋ ಬೇಡವೋ? ಸಣ್ಣ ವ್ಯಾಪಾರಿಗಳ ಪ್ರಶ್ನೆಗಳಿಗೆ ಉತ್ತರ

ಈ ಸಲ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ತೆರಿಗೆ ನೋಂದಣಿಯ ಬಗ್ಗೆಯೇ ಇವೆ. ಹಲವರು ಇಂದಿಗೂ ‘ವ್ಯಾಟ್ ನಂಬರ್’ ಎಂದೇ ಬರೆಯುತ್ತಾರೆ. 2005ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯಕ್ಕೆ ಬಂದ ವ್ಯಾಟ್‌ನ ಜಾಗಕ್ಕೆ 2017ರ ಜುಲೈ 1ರಿಂದ ಜಿಎಸ್‌ಟಿ ಬಂದಿದೆ. ಪೆಟ್ರೋಲ್, ಡೀಸೆಲ್‌ನಂಥ ಕೆಲವನ್ನು ಬಿಟ್ಟರೆ ಅಂಗಡಿಯವರಿಗೆ ಈಗ ಸಂಬಂಧಿಸಿದ್ದು ಜಿಎಸ್‌ಟಿಯೇ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ ಮೇಲೆ ಕೆಲವರು ಹೆದರಿ ನೋಂದಣಿ ಮಾಡಿಸುತ್ತಿದ್ದಾರೆ, ಕೆಲವರು ಹೆದರಿ ಯುಪಿಐ ಬೋರ್ಡ್ ತೆಗೆಯುತ್ತಿದ್ದಾರೆ. ಎರಡೂ ತಪ್ಪು. ಕಾಗದ, ಪೆನ್ನು ಹಿಡಿದು ಅರ್ಧ ಗಂಟೆ ಲೆಕ್ಕ ಹಾಕಿದರೆ ಸಿಗುವ ಉತ್ತರವನ್ನು ಭಯದ ಕೈಗೆ ಕೊಡಬಾರದು.

ಪ್ರಶ್ನೆ: ನಮ್ಮದು ಗೇಟು, ಗ್ರಿಲ್ ಮಾಡೋ ಸಣ್ಣ ವರ್ಕ್‌ಶಾಪ್ ಐತ್ರಿ. ವರ್ಷಕ್ಕ ಸುಮಾರು 18 ಲಕ್ಷ ರೂಪಾಯಿ ಕೆಲಸ ಆಗತೈತಿ. ಮೂರರಾಗ ಎರಡು ಪಾಲು ಮನಿ ಮಂದಿ ಕೆಲಸ, ಒಂದು ಪಾಲು ಗುತ್ತಿಗೆದಾರರದು. ಗುತ್ತಿಗೆದಾರರು ‘ಜಿಎಸ್‌ಟಿ ಬಿಲ್ ಕೊಟ್ರ ಇನ್ನೂ ಕೆಲಸ ಕೊಡ್ತೀವಿ’ ಅಂತಾರ. ಮನಿ ಮಂದಿ ‘ಜಿಎಸ್‌ಟಿ ಹಾಕಿದ್ರ ಬ್ಯಾರೆ ಕಡೆ ಮಾಡಿಸ್ತೀವಿ’ ಅಂತಾರ. ಏನು ಮಾಡೂದ್ರಿ?
– ಓದುಗರು, ತಾರಿಹಾಳ, ಹುಬ್ಬಳ್ಳಿ

ಉತ್ತರ: ಮೊದಲು ಮಿತಿಯ ವಿಷಯ, ಅಂದರೆ ವರ್ಷದ ವಹಿವಾಟು ಎಷ್ಟು ದಾಟಿದರೆ ನೋಂದಣಿ ಕಡ್ಡಾಯ ಎಂಬುದು. ‘40 ಲಕ್ಷದವರೆಗೆ ಚಿಂತೆ ಇಲ್ಲ’ ಎಂದು ನಿಮಗೆ ಯಾರಾದರೂ ಹೇಳಿದ್ದರೆ ನಂಬಬೇಡಿ. 40 ಲಕ್ಷದ ಮಿತಿ ಬರೀ ಸರಕು ಮಾರುವವರಿಗೆ. ನೀವು ಗೇಟು ಮಾಡಿಕೊಡುವುದರ ಜೊತೆಗೆ ಗೋಡೆಗೆ ಕೂಡಿಸಿ ಕೊಡುತ್ತೀರಿ, ರಿಪೇರಿಗೂ ಹೋಗುತ್ತೀರಿ. ಅದು ಸೇವೆ. ಸೇವೆ ಸೇರಿದ ಕೂಡಲೇ ಮಿತಿ 20 ಲಕ್ಷ. ಅಂದರೆ ಕಡ್ಡಾಯ ನೋಂದಣಿಗೆ ನಿಮಗೆ ಇನ್ನು 2 ಲಕ್ಷದ ಅಂತರವಷ್ಟೇ ಇದೆ.

ಈಗ ಮಾಡಿಸಿದರೆ ಲಾಭವೋ ನಷ್ಟವೋ? ಅದು ನಿಂತಿರುವುದು ನಿಮ್ಮ ಗಿರಾಕಿ ಯಾರು ಎಂಬುದರ ಮೇಲೆ. ಒಂದು ಗೇಟಿನ ಲೆಕ್ಕ ಹಿಡಿಯೋಣ. ಚೌಕ ಪೈಪು, ಶೀಟು, ಬಿಜಾಗರಿ, ವೆಲ್ಡಿಂಗ್ ರಾಡು, ರೆಡ್ ಆಕ್ಸೈಡ್, ಬಣ್ಣ ಎಲ್ಲ ಸೇರಿ ಸಾಮಾನಿಗೆ ₹10,000, ಅದರ ಮೇಲೆ ಶೇ 18ರಂತೆ ₹1,800 ಜಿಎಸ್‌ಟಿ. ನಿಮ್ಮ ಕೂಲಿ, ಲಾಭ ₹6,200. ಗೇಟಿನ ಬೆಲೆ ₹18,000.

ನೋಂದಣಿ ಇಲ್ಲದಾಗ ನಿಮ್ಮ ಕೈಯಲ್ಲಿ ಉಳಿಯುವುದು ಆ ₹6,200. ನೋಂದಣಿ ಮಾಡಿಸಿದಿರಿ, ಮನೆಯವರು ₹18,000ಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡಲು ಒಪ್ಪಲಿಲ್ಲ ಎನ್ನಿ. ಆಗ ಆ ಮೊತ್ತದೊಳಗೇ ₹2,746 ತೆರಿಗೆ ಅಡಗಿರುತ್ತದೆ. ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಇದರಲ್ಲಿ ಕಳೆಯಲು ಬಿಡುತ್ತಾರೆ, ಅದೇ ಇನ್‌ಪುಟ್ ಕ್ರೆಡಿಟ್. ಆ ₹1,800 ಕಳೆದು ₹946 ಸರ್ಕಾರಕ್ಕೆ ಕಟ್ಟಬೇಕು. ನಿಮಗೆ ಉಳಿದದ್ದು ₹5,254.

ಅದೇ ಗೇಟನ್ನು ಗುತ್ತಿಗೆದಾರರಿಗೆ ಕೊಟ್ಟಾಗ ಚಿತ್ರವೇ ಬೇರೆ. ₹10,000 ಸಾಮಾನು, ₹6,200 ನಿಮ್ಮದು, ಒಟ್ಟು ₹16,200ರ ಮೇಲೆ ₹2,916 ಜಿಎಸ್‌ಟಿ ಹಾಕಿ ಬಿಲ್ ಕೊಡುತ್ತೀರಿ. ಆ ₹2,916 ಅವರಿಗೆ ಕ್ರೆಡಿಟ್ ಆಗಿ ವಾಪಸು ಸಿಗುತ್ತದೆ. ಅವರಿಗೆ ಗೇಟು ಬಿದ್ದದ್ದು ₹16,200ಕ್ಕೆ, ಮೊದಲು ಬೀಳುತ್ತಿದ್ದದ್ದು ₹18,000ಕ್ಕೆ. ನಿಮ್ಮ ಗಳಿಕೆ ಒಂದು ರೂಪಾಯಿಯೂ ಕಡಿಮೆಯಾಗದೆ ಅವರಿಗೆ ₹1,800 ಉಳಿತಾಯ. ಅದನ್ನು ಇಬ್ಬರೂ ಅರ್ಧರ್ಧ ಹಂಚಿಕೊಂಡರೆ ನಿಮಗೆ ಗೇಟಿಗೆ ₹900 ಹೆಚ್ಚು.

ಒಂದು ಕಡೆ ₹946 ನಷ್ಟ, ಇನ್ನೊಂದು ಕಡೆ ₹900 ಲಾಭ. ಹಾಗಾಗಿ ಗುತ್ತಿಗೆದಾರರ ಕೆಲಸ ಅರ್ಧಕ್ಕಿಂತ ತುಸು ಹೆಚ್ಚಿದ್ದರೆ ಮಾತ್ರ ನಿಮಗೆ ಗಿಟ್ಟುತ್ತದೆ. ಲೆಕ್ಕ ಬರೆಯುವವರ ಫೀ ಬೇರೆ. ನಿಮ್ಮಲ್ಲಿ ಗುತ್ತಿಗೆದಾರರ ಕೆಲಸ ಮೂರರಲ್ಲಿ ಒಂದು ಪಾಲು. ಈಗಿನ ಲೆಕ್ಕದಲ್ಲಿ ಸ್ವಇಚ್ಛೆಯಿಂದ ಮಾಡಿಸುವುದು ಬೇಡ ಎಂಬುದು ನಮ್ಮ ಅಭಿಪ್ರಾಯ.

ಆದರೆ ಆ ಗುತ್ತಿಗೆದಾರರನ್ನು ಒಂದು ಮಾತು ಕೇಳಿ: ‘ನೀವು ಕ್ರೆಡಿಟ್ ತಗೋತೀರೇನು?’ ಬೇರೆಯವರ ಕಟ್ಟಡವನ್ನು ಗುತ್ತಿಗೆ ಹಿಡಿದು ಶೇ 18 ಬಿಲ್ ಮಾಡುವವರು ತೆಗೆದುಕೊಳ್ಳುತ್ತಾರೆ. ಅಪಾರ್ಟ್‌ಮೆಂಟ್ ಕಟ್ಟಿ ಮಾರುವ ಬಿಲ್ಡರ್‌ಗಳು 2019ರ ಏಪ್ರಿಲ್‌ನಿಂದ ವಸತಿ ಫ್ಲ್ಯಾಟ್‌ಗಳಿಗೆ ಶೇ 1 ಅಥವಾ ಶೇ 5 ತೆರಿಗೆ ಕಟ್ಟುತ್ತಾರೆ, ಅವರಿಗೆ ಕ್ರೆಡಿಟ್ ಇಲ್ಲ. ಆದರೂ ಅವರು ಜಿಎಸ್‌ಟಿ ಬಿಲ್ ಕೇಳುವುದಕ್ಕೆ ಬೇರೆ ಕಾರಣ ಇದೆ. ತಮ್ಮ ಖರೀದಿಯಲ್ಲಿ ಶೇ 80ರಷ್ಟನ್ನು ನೋಂದಾಯಿತರಿಂದಲೇ ಮಾಡಬೇಕು, ಕಡಿಮೆ ಬಿದ್ದ ಪಾಲಿಗೆ ತಾವೇ ಶೇ 18 ತುಂಬಬೇಕು ಎಂಬ ನಿಯಮ ಅವರ ಮೇಲಿದೆ. ಇಂಥವರಿಗೆ ನೀವು ಹಾಕುವ ತೆರಿಗೆ ಖರ್ಚೇ. ಅವರು ಬಿಲ್ಲೂ ಕೇಳುತ್ತಾರೆ, ಬೆಲೆಯನ್ನೂ ಇಳಿಸು ಎನ್ನುತ್ತಾರೆ. ಮೇಲಿನ ₹900 ಲಾಭ ಅವರಿಂದ ಬರುವುದಿಲ್ಲ.

ನೋಂದಣಿ ಆದ ಮೇಲೆ ಈ ಕಸುಬಿನಲ್ಲಿ ಎಡವುವುದು ಬಹುತೇಕ ಖರೀದಿಯಲ್ಲಿ. ಕಿಲೋಗೆ ಎರಡು ರೂಪಾಯಿ ಕಡಿಮೆ ಸಿಕ್ಕಿತೆಂದು ಬಿಲ್ ಇಲ್ಲದೆ ಕಬ್ಬಿಣ ತಂದರೆ ಆ ₹1,800 ಕ್ರೆಡಿಟ್ ಹೋಯಿತು, ₹2,916 ಪೂರಾ ಕೈಯಿಂದ ಕಟ್ಟಬೇಕು. ಬಿಲ್ ಇದ್ದರೂ ಸಾಲದು. ಕಬ್ಬಿಣದಂಗಡಿಯವರು ತಮ್ಮ ಮಾರಾಟದ ಲೆಕ್ಕ ಕೊಡುವ ರಿಟರ್ನ್ ಆದ ಜಿಎಸ್‌ಟಿಆರ್-1 ಸಲ್ಲಿಸಿ, ಅದು ಪೋರ್ಟಲ್‌ನಲ್ಲಿ ನಿಮ್ಮ ಖರೀದಿಗಳನ್ನು ತೋರಿಸುವ 2ಬಿ ಪಟ್ಟಿಯಲ್ಲಿ ಕಂಡಾಗಲೇ ಕ್ರೆಡಿಟ್. ಖರೀದಿಸುವಾಗ ನಿಮ್ಮ 15 ಅಂಕಿಯ ನಂಬರು (ಕರ್ನಾಟಕದ್ದಾದರೆ 29ರಿಂದ ಶುರು) ಬಿಲ್ಲಿನಲ್ಲಿ ಸರಿಯಾಗಿ ಬಿದ್ದಿದೆಯೇ ನೋಡಿ. ಒಂದಂಕಿ ತಪ್ಪಿದರೂ ಕ್ರೆಡಿಟ್ ನಿಮ್ಮ ಪಟ್ಟಿಗೆ ಬರುವುದಿಲ್ಲ.

ಇನ್ನು ಕಾಂಪೋಸಿಷನ್ ವಿಷಯ. ರಾಜಿ ತೆರಿಗೆ ಎಂದು ಕರೆಯುವ ಈ ಪದ್ಧತಿಯಲ್ಲಿ ತಯಾರಕರಿಗೆ ವಹಿವಾಟಿನ ಶೇ 1 ಮಾತ್ರ. ₹18,000ದ ಗೇಟಿಗೆ ₹180. ಮನೆಯವರ ಕೆಲಸಕ್ಕೆ ಇದು ಹಗುರ. ಆದರೆ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ನಿಮಗೆ ಕ್ರೆಡಿಟ್ ಇಲ್ಲ, ಗುತ್ತಿಗೆದಾರರಿಗೂ ಕ್ರೆಡಿಟ್ ಸಿಗುವುದಿಲ್ಲ. ಕೂಲಿ, ರಿಪೇರಿಯಂಥ ಸೇವೆ ವರ್ಷಕ್ಕೆ ₹5 ಲಕ್ಷದೊಳಗೆ (ಅಥವಾ ವಹಿವಾಟಿನ ಶೇ 10ರೊಳಗೆ, ಯಾವುದು ಹೆಚ್ಚೋ ಅದು) ಇರಬೇಕು. ಕಟ್ಟಡಕ್ಕೆ ಕೂಡಿಸುವ ಕೆಲಸವೇ ಮುಖ್ಯವಾಗಿ, ಅದು ವರ್ಕ್ಸ್ ಕಾಂಟ್ರಾಕ್ಟ್ (ಸಾಮಾನು, ಕೂಲಿ ಎರಡೂ ಸೇರಿದ ಕಟ್ಟಡದ ಗುತ್ತಿಗೆ) ಎನಿಸಿಕೊಂಡರೆ, ₹50 ಲಕ್ಷದವರೆಗಿನ ಸೇವೆಯವರ ಶೇ 6ರ ದರ ಬೀಳುತ್ತದೆ. ಆಗ ಅದೇ ಗೇಟಿಗೆ ₹1,080. ಸಾಮಾನ್ಯ ನೋಂದಣಿಯ ₹946ಕ್ಕಿಂತ ಅದೇ ಹೆಚ್ಚು.

ಸದ್ಯ ಮಾಡಬೇಕಾದ್ದು: ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಪ್ರತಿ ಕೆಲಸವನ್ನೂ ಒಂದು ವಹಿಯಲ್ಲಿ ಬರೆದು ತಿಂಗಳ ಕೊನೆಗೆ ಕೂಡಿಸುತ್ತ ಹೋಗಿ. ಕೂಡಿಕೆ 20 ಲಕ್ಷ ದಾಟಿದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಬೇಕು. ಅಷ್ಟರೊಳಗೆ ಹಾಕಿದರೆ ತೆರಿಗೆ ದಾಟಿದ ದಿನದಿಂದ ಮುಂದಿನ ಕೆಲಸಕ್ಕೆ ಮಾತ್ರ, ಹಿಂದಿನ 20 ಲಕ್ಷಕ್ಕೆ ಇಲ್ಲ. ಇದನ್ನು ತಿಳಿಯದೆ ಎಷ್ಟೋ ಜನ ದಾಟಿದ್ದನ್ನು ಮುಚ್ಚಿಡಲು ಹೋಗಿ ಸಿಕ್ಕಿಬೀಳುತ್ತಾರೆ.

ಇನ್ನೊಂದು ಮಾತು. ಗೆಳೆಯರ ಜಿಎಸ್‌ಟಿ ನಂಬರಿನಲ್ಲಿ ಬಿಲ್ ಹರಿಸಿ ಗುತ್ತಿಗೆದಾರರಿಗೆ ಕೊಡಬೇಡಿ. ಕೆಲಸ ಮಾಡದವರು ಬಿಲ್ ಕೊಟ್ಟರೆ ಅದು ಸುಳ್ಳು ಬಿಲ್. ಕೊಟ್ಟ ಗೆಳೆಯರಿಗೂ, ಕ್ರೆಡಿಟ್ ತೆಗೆದುಕೊಂಡವರಿಗೂ ದಂಡ, ಅದು ಆ ತೆರಿಗೆಯಷ್ಟೇ ಅಥವಾ ಕನಿಷ್ಠ ₹10,000.

ಪ್ರಶ್ನೆ: ನಾನು ಮನೆಗಳಿಗೆ ವೈರಿಂಗ್, ಪ್ಲಂಬಿಂಗ್ ಕೆಲಸ ಮಾಡುತ್ತೇನೆ. ಸಾಮಾನು ಮನೆಯವರೇ ತರುತ್ತಾರೆ, ನನ್ನದು ಕೂಲಿ ಮಾತ್ರ. ವರ್ಷಕ್ಕೆ 7 ಲಕ್ಷ. ನಂಬರ್ ಇದ್ದರೆ ‘ಕಂಪನಿ’ ಅಂತ ಕಾಣುತ್ತದೆ ಎನ್ನುತ್ತಾರೆ.
– ಓದುಗರು, ಧಾರವಾಡ

ಉತ್ತರ: ಬೇಡ. ಬರೀ ಕೂಲಿಯ ಕೆಲಸದಲ್ಲಿ ಖರೀದಿಯೇ ಇಲ್ಲ, ಹಾಗಾಗಿ ತೆರಿಗೆಯಲ್ಲಿ ಕಳೆಯಲು ಕ್ರೆಡಿಟ್ಟೂ ಇಲ್ಲ. ₹1,000 ಕೂಲಿಯಲ್ಲಿ ₹152 ಚಿಲ್ಲರೆ ತೆರಿಗೆಗೇ ಹೋಗುತ್ತದೆ. ಕೆಲಸ ಇಲ್ಲದ ತಿಂಗಳಲ್ಲೂ ರಿಟರ್ನ್ ಬಿಡುವಂತಿಲ್ಲ. ಶೂನ್ಯ ರಿಟರ್ನ್ ತಡವಾದರೆ ದಿನಕ್ಕೆ ₹20, ವ್ಯವಹಾರ ಇದ್ದದ್ದು ತಡವಾದರೆ ದಿನಕ್ಕೆ ₹50. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ನಿರ್ವಹಣೆ ಕೆಲಸ ಸಿಕ್ಕರೆ ಆಗ ಮತ್ತೆ ಲೆಕ್ಕ ಹಾಕಿ. ಅಂಥ ಗಿರಾಕಿಗೆ ನಿಮ್ಮ ತೆರಿಗೆ ಹೊರೆಯಲ್ಲ.

ಪ್ರಶ್ನೆ: ನಮ್ಮದು ಕಿರಾಣಿ ಅಂಗಡಿ. ಕಳೆದ ವರ್ಷ ಯುಪಿಐನಲ್ಲಿ 31 ಲಕ್ಷ ಬಂದಿದೆ, ನಗದು 8 ಲಕ್ಷದ ಹತ್ತಿರ. ಬಿಡಿ ಅಕ್ಕಿ, ಬೇಳೆ, ಜೋಳವೇ ಹೆಚ್ಚು. ಸೋಪು, ಬಿಸ್ಕತ್ತು, ಗುಟ್ಕಾ, ಸಿಗರೇಟೂ ಇವೆ. 40 ಲಕ್ಷ ದಾಟಿಲ್ಲ, ನಮಗೆ ನೋಟಿಸ್ ಬರಬಹುದೇ?
– ಓದುಗರು, ಹಾವೇರಿ

ಉತ್ತರ: ಬರಬಹುದು, ಮತ್ತು ನಿಮ್ಮ ವಿಷಯದಲ್ಲಿ ಇಲಾಖೆಯ ಮಾತು ಸರಿಯಿರುತ್ತದೆ. 40 ಲಕ್ಷದ ರಿಯಾಯಿತಿಯಿಂದ ಕೆಲವು ಸರಕು ಮಾರುವವರನ್ನು ಹೊರಗಿಟ್ಟಿದ್ದಾರೆ: ಐಸ್‌ಕ್ರೀಂ, ಪಾನ್ ಮಸಾಲ, ತಂಬಾಕಿನ ಎಲ್ಲ ಸರಕು, 2022ರ ಏಪ್ರಿಲ್‌ನಿಂದ ಇಟ್ಟಿಗೆ ಮತ್ತು ಹೆಂಚು. ಕಟ್ಟೆಯ ಮೇಲೆ ತೂಗುಬಿಟ್ಟ ಆ ಗುಟ್ಕಾ ಸರದಿಂದ ನಿಮ್ಮ ಮಿತಿ 20 ಲಕ್ಷಕ್ಕೆ ಇಳಿದಿದೆ. ಗುಟ್ಕಾದಿಂದ ಬರುವ ಲಾಭ ಎಷ್ಟು, ಅದು ತರುವ ತಲೆನೋವು ಎಷ್ಟು ಎಂದು ಒಮ್ಮೆ ಯೋಚಿಸಿ.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ‘ಅಕ್ಕಿ, ಬೇಳೆಗೆ ತೆರಿಗೆ ಇಲ್ಲವಲ್ಲ, ಅದನ್ನು ಲೆಕ್ಕಕ್ಕೆ ಯಾಕೆ ಹಿಡಿಯಬೇಕು?’ ಎಂದು ಹಲವರು ಬರೆದಿದ್ದಾರೆ. ಬರೀ ತರಕಾರಿ, ಬರೀ ಹಾಲು, ಬರೀ ಬಿಡಿ ಧಾನ್ಯ ಮಾರುವವರಿಗೆ ವಹಿವಾಟು ಕೋಟಿ ದಾಟಿದರೂ ನೋಂದಣಿ ಬೇಕಿಲ್ಲ. ಆದರೆ ಜೊತೆಗೆ ಒಂದು ಸೋಪು ಮಾರಿದರೂ ಮಿತಿಯ ಲೆಕ್ಕಕ್ಕೆ ತೆರಿಗೆ ಇಲ್ಲದ ಸರಕೂ ಸೇರುತ್ತದೆ. ತೆರಿಗೆ ಕಟ್ಟುವುದು ಮಾತ್ರ ತೆರಿಗೆ ಇರುವ ಸರಕಿಗಷ್ಟೇ. ಬಿಡಿಯಾಗಿ ತೂಗಿ ಕೊಟ್ಟ ಅಕ್ಕಿ, ಬೇಳೆಗೆ ತೆರಿಗೆ ಇಲ್ಲ. 25 ಕಿಲೋವರೆಗಿನ ಲೇಬಲ್ ಹಾಕಿದ ಪ್ಯಾಕೆಟ್‌ಗೆ 2022ರ ಜುಲೈ 18ರಿಂದ ಶೇ 5 ಇದೆ. ಪ್ಯಾಕೆಟ್ ಮಾರಾಟವನ್ನು ಬಿಡಿ ಮಾರಾಟದ ಲೆಕ್ಕದಲ್ಲಿ ಬರೆಯಬೇಡಿ.

ನಿಮಗೆ ಕಾಂಪೋಸಿಷನ್ ಸರಿಹೊಂದುತ್ತದೆ. ಗಿರಾಕಿಗಳೆಲ್ಲ ಮನೆಯವರು, ಕ್ರೆಡಿಟ್ ಕೇಳುವವರಿಲ್ಲ. ವ್ಯಾಪಾರಿಗಳಿಗೆ ತೆರಿಗೆ ಇರುವ ಮಾರಾಟದ ಮೇಲೆ ಮಾತ್ರ ಶೇ 1. ನಿಮ್ಮ 39 ಲಕ್ಷದಲ್ಲಿ ಅಂಥದ್ದು 16 ಲಕ್ಷ ಎಂದಿಟ್ಟುಕೊಂಡರೆ ವರ್ಷಕ್ಕೆ ₹16,000. ಮೂರು ತಿಂಗಳಿಗೊಮ್ಮೆ, ಮುಂದಿನ ತಿಂಗಳ 18ರೊಳಗೆ ಸಿಎಂಪಿ-08 ನಮೂನೆಯಲ್ಲಿ ತುಂಬಬೇಕು. ವರ್ಷಕ್ಕೊಂದು ಜಿಎಸ್‌ಟಿಆರ್-4 ರಿಟರ್ನ್, ಜೂನ್ 30ರೊಳಗೆ. ಅಂಗಡಿಯ ಬೋರ್ಡಿನ ಮೇಲೆ ಕಾಂಪೋಸಿಷನ್ ತೆರಿಗೆದಾರರು ಎಂದು ಬರೆಸಬೇಕು, ಬಿಲ್ಲಿನಲ್ಲಿ ತೆರಿಗೆಯ ಸಾಲು ಇರಕೂಡದು.

ಮಿತಿ ದಾಟಿ ತಿಂಗಳುಗಳೇ ಆಗಿದ್ದರೆ ಆ ಅವಧಿಗೆ ಕಾಂಪೋಸಿಷನ್ ಹಿಂದಿನಿಂದ ಅನ್ವಯಿಸುವುದಿಲ್ಲ. ಆ ಭಾಗದ ಲೆಕ್ಕವನ್ನು ತೆರಿಗೆ ಸಲಹೆಗಾರರ ಕೈಯಲ್ಲಿ ಮಾಡಿಸಿ, ನೋಟಿಸ್ ಬರುವ ಮೊದಲೇ ತೆರಿಗೆ, ಬಡ್ಡಿ ತುಂಬಿ. ಮೋಸದ ಉದ್ದೇಶ ಇಲ್ಲದ ಪ್ರಕರಣಗಳಲ್ಲಿ ಹಾಗೆ ತಾವಾಗಿ ತುಂಬಿದವರಿಗೆ ದಂಡ ಇರುವುದಿಲ್ಲ.

ಯುಪಿಐನಲ್ಲಿ ಬಂದದ್ದೆಲ್ಲ ವ್ಯಾಪಾರವಲ್ಲ ಎಂಬುದೂ ನಿಜ. ಮಗ ಊರಿಂದ ಹಾಕಿದ ದುಡ್ಡು, ಕೈಗಡ, ಚೀಟಿ ಹಣ ಎಲ್ಲ ಅದೇ ಖಾತೆಗೆ ಬಿದ್ದಿರುತ್ತದೆ. ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆಸಿ ಅಂಥ ಸಾಲುಗಳ ಮುಂದೆ ಪೆನ್ನಿನಲ್ಲಿ ಗುರುತು ಹಾಕಿ, ಕೊಟ್ಟವರ ಹೆಸರು ಬರೆದಿಡಿ. ಇವತ್ತಿನಿಂದಲೇ ಅಂಗಡಿಗೆ ಒಂದು ಖಾತೆ, ಮನೆಗೆ ಒಂದು ಖಾತೆ ಮಾಡಿಕೊಳ್ಳಿ. ಕ್ಯೂಆರ್ ಕಿತ್ತುಹಾಕಿದರೆ ಹಳೆಯ ಲೆಕ್ಕ ಅಳಿಯುವುದಿಲ್ಲ, ಮಿತಿ ಲೆಕ್ಕಕ್ಕೆ ನಗದೂ ಸೇರುತ್ತದೆ.

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿ ಪುಡಿ ಮಾಡಿ ಮಾರುತ್ತೇವೆ. ನಾವು ಐವರು ಹೆಣ್ಣುಮಕ್ಕಳ ಸಂಘ. ವರ್ಷಕ್ಕೆ 6 ಲಕ್ಷವೂ ಇಲ್ಲ. ಗೋವಾ, ಪುಣೆಯಿಂದ ಪಾರ್ಸಲ್ ಕೇಳುತ್ತಿದ್ದಾರೆ. ಕಳಿಸಬಹುದೇ?
– ಓದುಗರು, ಬ್ಯಾಡಗಿ

ಉತ್ತರ: ಕಳಿಸುವ ಮೊದಲು ನೋಂದಣಿ ಮಾಡಿಸಿ. ರಾಜ್ಯದ ಹೊರಗೆ ಸರಕು ಮಾರುವವರಿಗೆ 20, 40 ಲಕ್ಷದ ಮಿತಿ ಇಲ್ಲ, ಮೊದಲ ಪಾರ್ಸಲ್‌ನಿಂದಲೇ ನೋಂದಣಿ ಕಡ್ಡಾಯ. ಕಾಂಪೋಸಿಷನ್ ಕೂಡ ನಡೆಯದು, ಅದರಲ್ಲಿ ಹೊರರಾಜ್ಯಕ್ಕೆ ಮಾರುವಂತಿಲ್ಲ. ಸಾಮಾನ್ಯ ನೋಂದಣಿಯೇ ಬೇಕು. ಖಾರದ ಪುಡಿಗೆ ದರ ಶೇ 5. ಗೋವಾದವರು ನಿಮ್ಮ ಅಂಗಡಿಗೇ ಬಂದು ಕೊಂಡು ಒಯ್ದರೆ, ಬಿಲ್ಲಿನಲ್ಲಿ ಅವರ ವಿಳಾಸ ಬರೆಯದಿದ್ದಾಗ, ಅದು ಕರ್ನಾಟಕದೊಳಗಿನ ಮಾರಾಟವೇ.

ನಿಮ್ಮ ಲೆಕ್ಕದಲ್ಲಿ ಗಮನಿಸಬೇಕಾದ್ದು ಬೇರೆ. ರೈತರಿಂದ ನೇರವಾಗಿ ಕೊಂಡ ಕಾಯಿಗೆ ತೆರಿಗೆ ಕೊಟ್ಟಿರುವುದಿಲ್ಲ, ಹಾಗಾಗಿ ಕ್ರೆಡಿಟ್ ಇಲ್ಲ. ಸಿಗುವುದು ಪ್ಯಾಕಿಂಗ್ ಚೀಲ, ಲೇಬಲ್, ಯಂತ್ರ, ಕೊರಿಯರ್‌ನಂಥವುಗಳ ಮೇಲೆ. ಕಿಲೋಗೆ ₹600 ಎಂದು ದರ ಹೇಳುವ ಮುನ್ನ ಅದರ ಮೇಲೆ ₹30 ಬೀಳುತ್ತದೆ ಎಂಬುದನ್ನು ಸೇರಿಸಿಯೇ ಹೇಳಿ. ಹೊರರಾಜ್ಯದ ಬೇಡಿಕೆ ಹಬ್ಬಕ್ಕೊಮ್ಮೆ ಬರುವ ಹತ್ತು ಕಿಲೋ ಮಟ್ಟದ್ದಾದರೆ ಈ ಖಟಾಟೋಪ ಬೇಡ, ಹುಬ್ಬಳ್ಳಿಯ ನೋಂದಾಯಿತ ವ್ಯಾಪಾರಿಗಳಿಗೆ ಮಾರಿ, ಅವರು ಕಳಿಸಲಿ. ತಿಂಗಳೂ ಬೇಡಿಕೆ ಇದ್ದರೆ ಧೈರ್ಯವಾಗಿ ಮಾಡಿಸಿ. ಬ್ಯಾಡಗಿ ಹೆಸರಿಗೆ ಹೊರಗೆ ಬೆಲೆ ಇದೆ, ಶೇ 5ಕ್ಕೆ ಹೆದರಿ ಅದನ್ನು ಬಿಡಬಾರದು.

ಪ್ರಶ್ನೆ: ಗದಗಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಹಪ್ಪಳ ಮಾರುತ್ತೇನೆ. ನಾಲ್ಕು ಟೇಬಲ್ ಹಾಕಿ ಊಟವನ್ನೂ ಶುರು ಮಾಡಬೇಕೆಂದಿದ್ದೇನೆ. 24 ಲಕ್ಷ ವಹಿವಾಟು.
– ಓದುಗರು, ಬೆಟಗೇರಿ

ಉತ್ತರ: ರೊಟ್ಟಿಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಇಲ್ಲ, ಹಪ್ಪಳಕ್ಕೂ ಇಲ್ಲ. ಚಟ್ನಿ ಪುಡಿಗೆ ಶೇ 5. ಈಗ ನೀವು ಬರೀ ಸರಕು ಮಾರುವವರು, 40 ಲಕ್ಷದೊಳಗಿದ್ದೀರಿ, ನೋಂದಣಿ ಬೇಕಿಲ್ಲ. ಟೇಬಲ್ ಹಾಕಿ ಊಟ ಬಡಿಸಿದ ದಿನ ಅದು ಹೋಟೆಲ್ ಸೇವೆ, ಮಿತಿ 20 ಲಕ್ಷ, ನೀವು ಆಗಲೇ 24ರಲ್ಲಿದ್ದೀರಿ. ಒಂದೇ ಪ್ಯಾನ್‌ನ ಎಲ್ಲ ವ್ಯಾಪಾರ ಒಟ್ಟಿಗೆ ಸೇರುತ್ತದೆ. ಖಾನಾವಳಿ ತೆರೆಯುವ ಮೊದಲೇ ಅರ್ಜಿ ಹಾಕಿ.

ಪ್ರಶ್ನೆ: ದುರ್ಗದಬೈಲ್ ಹತ್ತಿರ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಮಿತಿ ದಾಟುತ್ತಿದೆ. ಅಂಗಡಿಯಲ್ಲಿ 6 ಲಕ್ಷದ ಸಾಮಾನು ಇದೆ. ಅದಕ್ಕೆ ಕೊಟ್ಟ ತೆರಿಗೆ ಹೋದಂತೆಯೇ? ಅರ್ಜಿಗೆ ಏನೇನು ಬೇಕು? ಅಂಗಡಿ ಬಾಡಿಗೆಯದು.
– ಓದುಗರು, ಹುಬ್ಬಳ್ಳಿ

ಉತ್ತರ: ಹೋಗುವುದಿಲ್ಲ. ನೋಂದಣಿಗೆ ಬಾಧ್ಯರಾದ ದಿನದ ಹಿಂದಿನ ದಿನ ಅಂಗಡಿಯಲ್ಲಿದ್ದ ದಾಸ್ತಾನಿಗೆ ಕ್ರೆಡಿಟ್ ಸಿಗುತ್ತದೆ. ಷರತ್ತು: ಮಿತಿ ದಾಟಿದ 30 ದಿನದೊಳಗೆ ಅರ್ಜಿ ಹಾಕಿರಬೇಕು, ಖರೀದಿ ಬಿಲ್ ಒಂದು ವರ್ಷಕ್ಕಿಂತ ಹಳೆಯದಿರಬಾರದು, ಸಾಮಾನ್ಯ ನೋಂದಣಿಯಾಗಿರಬೇಕು. ಕಾಂಪೋಸಿಷನ್‌ಗೆ ಹೋದರೆ ಇದು ಇಲ್ಲ. ಐಟಿಸಿ-01 ನಮೂನೆಯಲ್ಲಿ 30 ದಿನದೊಳಗೆ ಬಿಲ್‌ವಾರು ತುಂಬಬೇಕು, ಕೇಳುವ ಕ್ರೆಡಿಟ್ 2 ಲಕ್ಷ ದಾಟಿದರೆ ಸಿಎ ಪ್ರಮಾಣಪತ್ರ ಬೇಕು. ಹಾಗಾಗಿ ಆ ದಿನ ಅಂಗಡಿ ಮುಚ್ಚಿಯಾದರೂ ಒಂದೊಂದು ಸುರುಳಿ ವೈರು, ಒಂದೊಂದು ಸ್ವಿಚ್ ಪೆಟ್ಟಿಗೆ ಎಣಿಸಿ, ಯಾವ ಬಿಲ್ಲಿನದು ಎಂದು ಎದುರಿಗೆ ಬರೆದು ಸಹಿ ಮಾಡಿ. ಬಿಲ್ಲಿಗೆ ಜೋಡಿಸಲಾಗದ ಸಾಮಾನಿಗೆ ಕ್ರೆಡಿಟ್ ಕೇಳಬೇಡಿ. ರ್‍ಯಾಕು, ಕೌಂಟರ್, ಕಂಪ್ಯೂಟರ್‌ಗೆ ಇದರಲ್ಲಿ ಕ್ರೆಡಿಟ್ ಇಲ್ಲ.

ಅರ್ಜಿ ಜಿಎಸ್‌ಟಿ ಪೋರ್ಟಲ್‌ನಲ್ಲೇ, ಸರ್ಕಾರಕ್ಕೆ ಶುಲ್ಕ ಇಲ್ಲ. ಪ್ಯಾನ್, ಆಧಾರ್, ಆಧಾರ್‌ಗೆ ಜೋಡಿಸಿದ ಮೊಬೈಲ್, ಫೋಟೊ ಬೇಕು. ಬಾಡಿಗೆ ಅಂಗಡಿಗೆ ಬಾಡಿಗೆ ಕರಾರು, ಜೊತೆಗೆ ಮಾಲೀಕರ ಹೆಸರಿನ ಹೆಸ್ಕಾಂ ಕರೆಂಟ್ ಬಿಲ್ ಅಥವಾ ಮಹಾನಗರ ಪಾಲಿಕೆಯ ಕರ ರಸೀದಿ. ಅಂಗಡಿ ತಂದೆಯವರ ಹೆಸರಿನಲ್ಲಿದ್ದರೆ ಕರಾರಿನ ಬದಲು ಅವರ ಒಪ್ಪಿಗೆ ಪತ್ರ. ಅರ್ಜಿ ವಾಪಸು ಬರುವುದು ಬಹಳ ಸಲ ವಿಳಾಸದ ತಾಳೆ ತಪ್ಪಿ. ಕರಾರಿನಲ್ಲಿ ಒಂದು ಅಂಗಡಿ ನಂಬರು, ಹೆಸ್ಕಾಂ ಬಿಲ್ಲಿನಲ್ಲಿ ಇನ್ನೊಂದು ಇದ್ದರೆ ಅಧಿಕಾರಿ ಪ್ರಶ್ನೆ ಎತ್ತುತ್ತಾರೆ. ಮೊದಲೇ ಎರಡನ್ನೂ ಎದುರುಬದುರು ಇಟ್ಟು ಓದಿ.

ನೋಂದಾಯಿತ ಗಿರಾಕಿಗಳಿಗೆ ಮಾಡುವ ಬಿಲ್‌ಗಳ ತೆರಿಗೆ ತಿಂಗಳಿಗೆ ₹2.5 ಲಕ್ಷ ಮೀರದವರಿಗೆ 2025ರ ನವೆಂಬರ್ 1ರಿಂದ ಸರಳ ನೋಂದಣಿ ಇದೆ. ಆಧಾರ್ ದೃಢೀಕರಣ ಆದರೆ ಮೂರು ಕೆಲಸದ ದಿನಗಳಲ್ಲಿ ನಂಬರು ಬರುತ್ತದೆ. ಬಂದ ಮೇಲೆ 30 ದಿನದೊಳಗೆ, ಅಥವಾ ಮೊದಲ ಜಿಎಸ್‌ಟಿಆರ್-1 ಸಲ್ಲಿಸುವ ಮುನ್ನ, ಯಾವುದು ಮೊದಲೋ ಆಗ, ಬ್ಯಾಂಕ್ ಖಾತೆ ಸೇರಿಸಿ. ಇದನ್ನು ಮರೆತರೆ ನೋಂದಣಿ ಅಮಾನತಾಗುತ್ತದೆ. ಪ್ರಮಾಣಪತ್ರವನ್ನು ಅಂಗಡಿಯೊಳಗೆ ತೂಗುಹಾಕಿ, ನಂಬರನ್ನು ಹೊರಗಿನ ಬೋರ್ಡಿಗೆ ಬರೆಸಿ. ವಹಿವಾಟು 5 ಕೋಟಿಯೊಳಗಿದ್ದರೆ ಮೂರು ತಿಂಗಳಿಗೊಮ್ಮೆಯ ರಿಟರ್ನ್ ಆಯ್ಕೆ ಮಾಡಿಕೊಳ್ಳಬಹುದು: ಜಿಎಸ್‌ಟಿಆರ್-1 ಮುಂದಿನ ತಿಂಗಳ 13ಕ್ಕೆ, ತೆರಿಗೆ ತುಂಬುವ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ನಮ್ಮ ರಾಜ್ಯದವರಿಗೆ 22ಕ್ಕೆ. ರಿಟರ್ನ್ ಮೂರು ತಿಂಗಳಿಗೊಮ್ಮೆ ಎಂದು ತೆರಿಗೆಯನ್ನೂ ಅಲ್ಲಿಯವರೆಗೆ ಇಟ್ಟುಕೊಳ್ಳುವಂತಿಲ್ಲ. ಮೊದಲ ಎರಡು ತಿಂಗಳ ತೆರಿಗೆಯನ್ನು ಆಯಾ ಮುಂದಿನ ತಿಂಗಳ 25ರೊಳಗೆ ತುಂಬಬೇಕು, ತಪ್ಪಿದರೆ ವರ್ಷಕ್ಕೆ ಶೇ 18 ಬಡ್ಡಿ.